ಹೆಗಲು ಮುಟ್ಟಿ ನೋಡಿಕೊಂಡವರು

ತೀರ್ಥಹಳ್ಳಿ ಹತ್ತಿರದ ಒಂದು ಊರಿನ ಗಣೇಶೋತ್ಸವದಲ್ಲಿ ಆಡಿದ ಮಾತುಗಳಿವು. ಅರ್ಧ ಗಂಟೆ ಅಂತ ಹೇಳಿ ಒಂದೂಕಾಲು ಗಂಟೆ ಮಾತಾಡಿದ್ದೆ. ನಡುವೆ ಎರಡು ಸಲ ಕರೆಂಟ್ ಹೋಯಿತು. ಬರೆಯುವಾಗ ಒಂದಿಷ್ಟು ಕತ್ತರಿಸಿದ್ದೇನೆ. ಅವತ್ತು ಮರೆತದ್ದು ಒಂದೆರಡನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ಚೌತಿ ದಿನ ಚಂದ್ರನನ್ನು ನೋಡಿದವರು ಯಾರಾದರೂ ಇದ್ದೀರಾ? ಇದ್ದರೆ ಕೈ ಎತ್ತಿ, ಪರವಾಗಿಲ್ಲ.

ಯಾರೂ ಇಲ್ಲ. ಇರುವುದಾದರೂ ಹೇಗೆ? ನಮ್ಮ ಕಡೆ ಭಾದ್ರಪದದಲ್ಲಿ ಮಳೆ ಬಿಟ್ಟರೆ ತಾನೆ ಚಂದ್ರ ಕಾಣುವುದು. ಬಯಲುಸೀಮೆಯವರು ಅವತ್ತು ತಲೆ ತಗ್ಗಿಸಿಕೊಂಡು ಓಡಾಡಬೇಕು. ಮಲೆನಾಡಿನವರಿಗೆ ಆ ಪುಣ್ಯ ಪುಕ್ಕಟೆ.

ನೋಡಿದರೆ ಅಪವಾದ ಬರುತ್ತೆ ಅಂತಾರೆ. ಮಾಡದ ತಪ್ಪು ತಲೆಗೆ ಸುತ್ತಿಕೊಳ್ಳುತ್ತೆ. ಅದಕ್ಕೆ ಪರಿಹಾರ ಸ್ಯಮಂತಕ ಮಣಿಯ ಕಥೆ ಕೇಳುವುದು. ನಾನು ಚಿಕ್ಕವನಿದ್ದಾಗ ಅಜ್ಜಿ ಹೇಳುತ್ತಿದ್ದಳು. ಹೊಟ್ಟೆ ತುಂಬ ಕಡುಬು ತಿಂದು ಅರ್ಧ ನಿದ್ದೆಯಲ್ಲಿ ಕೇಳಿಸಿಕೊಳ್ಳುತ್ತಿದ್ದೆ. ಮುಂದೆ ಪತ್ರಿಕೆಯೊಂದರ ಸಿನಿಮಾ ಪುಟದಲ್ಲಿ ಕೆಲಸಕ್ಕೆ ಸೇರಿದೆ. ಆಗ ಗೊತ್ತಾಯಿತು, ಇದು ಬರೀ ದೇವರ ಕಥೆಯಲ್ಲ. ಊರಿಗೆಲ್ಲ ಗೊತ್ತಿರುವ ಒಬ್ಬ ಮನುಷ್ಯ ಗಾಳಿಸುದ್ದಿಗೆ ಹೇಗೆ ಉತ್ತರ ಕೊಟ್ಟ ಅನ್ನುವ ಕಥೆ.

ಸತ್ರಾಜಿತ ಅನ್ನುವವನಿಗೆ ಸೂರ್ಯ ಕೊಟ್ಟ ಮಣಿ ಅದು. ದಿನಾ ಎಂಟು ಭಾರ ಚಿನ್ನ ಕೊಡುತ್ತದೆ. ಇದನ್ನು ರಾಜನಿಗೆ ಕೊಡು ಅಂತ ಕೃಷ್ಣ ಒಂದು ಸಲ ಕೇಳಿದ. ಅವನು ಕೊಡಲಿಲ್ಲ. ನಡೆದದ್ದು ಅಷ್ಟೇ. ಆಮೇಲೆ ಸತ್ರಾಜಿತನ ತಮ್ಮ ಪ್ರಸೇನ ಅದನ್ನು ಕೊರಳಿಗೆ ಹಾಕಿಕೊಂಡು ಬೇಟೆಗೆ ಹೋದ. ತಿರುಗಿ ಬರಲಿಲ್ಲ. 'ಕೃಷ್ಣನೇ ಕೊಂದಿರಬೇಕು' ಅಂದ ಅಣ್ಣ. ಇರಬೇಕು ಅಂದದ್ದು, ಅಷ್ಟೇ. ಜನ ಅದನ್ನು ಕಿವಿಯಿಂದ ಕಿವಿಗೆ ಜಪಿಸಿದರು ಅನ್ನುತ್ತದೆ ಭಾಗವತ. ಜಪ ಅನ್ನುವ ಮಾತನ್ನೇ ಬಳಸಿದ್ದಾರೆ! ದ್ವಾರಕೆಯಲ್ಲಿ ಮೊಬೈಲ್ ಇರಲಿಲ್ಲ, ಕಿವಿಯೇ ಸಾಕಾಯಿತು.

ಈಗ ಕೃಷ್ಣ ಏನು ಮಾಡಿದ ನೋಡಿ. ನಾನಲ್ಲ ಅಂತ ಡಂಗುರ ಸಾರಿಸಲಿಲ್ಲ. ಸತ್ರಾಜಿತನನ್ನು ಕರೆಸಿ ಗದರಲಿಲ್ಲ. ಊರಿನ ಜನರನ್ನು ಜೊತೆಗೆ ಕರೆದುಕೊಂಡು ಕಾಡಿಗೆ ಹೋದ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಿಡಿಸುವುದು ಇದೇ. ಒಬ್ಬನೇ ಹೋಗಿ ಮಣಿ ತಂದಿದ್ದರೆ ಜನ ಏನನ್ನುತ್ತಿದ್ದರು? 'ನೋಡಿದ್ಯಾ, ಇವನ ಹತ್ತಿರವೇ ಇತ್ತು.' ಅದಕ್ಕೇ ಪ್ರಸೇನನ ಹೆಣ ತೋರಿಸಿದ, ಅವನನ್ನು ಕೊಂದ ಸಿಂಹವೂ ಸತ್ತು ಬಿದ್ದದ್ದನ್ನು ತೋರಿಸಿದ. ಸಿಂಹವನ್ನು ಕೊಂದು ಮಣಿ ಒಯ್ದಿದ್ದ ಕರಡಿ ರಾಜ ಜಾಂಬವಂತನ ಗುಹೆ ಬಂದಾಗ ಜನರನ್ನು ಹೊರಗೆ ನಿಲ್ಲಿಸಿ ತಾನೊಬ್ಬನೇ ಒಳಗೆ ಹೋದ. ಒಳಗೆ 28 ದಿನ ಕಾಳಗ. ಹೊರಗಿದ್ದವರು 12 ದಿನ ಕಾದರು, ಆಮೇಲೆ ಮುಖ ಸಣ್ಣ ಮಾಡಿಕೊಂಡು ಊರಿಗೆ ಹೊರಟರು. ಕೃಷ್ಣ ಹೋದ ಅಂತ ದ್ವಾರಕೆಯಲ್ಲಿ ಗೋಳಾಟ. ನಿನ್ನೆವರೆಗೆ ಕೃಷ್ಣನೇ ಕಳ್ಳ ಅಂತ ಜಪ ಮಾಡುತ್ತಿದ್ದ ಊರು ಇವತ್ತು ಸತ್ರಾಜಿತನಿಗೆ ಶಾಪ ಹಾಕಿತು. ಒಂದು ಗಾಳಿಸುದ್ದಿ ತೊಳೆದುಕೊಳ್ಳಲು ಹೋದವನ ಬೆನ್ನಿಗೆ ಇನ್ನೊಂದು ಬಿತ್ತು. ಅದನ್ನು ತಂದವರು ಸಾಕ್ಷಿಗೆ ಅಂತ ಹೋಗಿದ್ದವರೇ!

ಕೊನೆಗೆ ಮಣಿಯೂ ಬಂತು, ಕೃಷ್ಣನೂ ಬಂದ. ಗುಟ್ಟಾಗಿ ಕೊಡಲಿಲ್ಲ. ಸತ್ರಾಜಿತನನ್ನು ರಾಜಸಭೆಗೆ ಕರೆಸಿ, ಎಲ್ಲರೆದುರು ನಡೆದದ್ದು ಹೇಳಿ, ಕೈಗಿಟ್ಟ. ಆಮೇಲೆ ಎರಡು ಮದುವೆ ಆಯಿತು, ಅದು ಬೇರೆ ವಿಷಯ.

ಇದನ್ನು ಒಂದು ಕಡೆ ಇಟ್ಟುಕೊಳ್ಳಿ. ಇನ್ನೊಂದು ಕಡೆ ನಮ್ಮ ಗಾದೆ: ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ. ನಾವೆಲ್ಲ ಈ ಗಾದೆ ಹೇಳಿ ನಕ್ಕವರೇ. ನನಗೆ ಮಾತ್ರ ಇತ್ತೀಚೆಗೆ ಇದರ ಮೇಲೆ ಸಿಟ್ಟು. ತುಂಬಿದ ಸಭೆಯಲ್ಲಿ ನಿಮ್ಮ ಹೆಸರು ಹಿಡಿದು ಹೆಗಲ ಮೇಲೆ ಬೂದಿ ಇದೆ ನೋಡಿ ಅಂದರೆ ನೀವು ಮುಟ್ಟಿ ನೋಡಿಕೊಳ್ಳುವುದಿಲ್ವಾ? ಕದ್ದವನೂ ಮುಟ್ಟುತ್ತಾನೆ, ಕದಿಯದವನೂ ಮುಟ್ಟುತ್ತಾನೆ. ಮುಟ್ಟದೆ ಸುಮ್ನೆ ಕೂತರೆ ಇನ್ನೊಂದು ಗಾದೆ ಸಿದ್ಧವಾಗಿದೆ: ಮೌನಂ ಸಮ್ಮತಿ ಲಕ್ಷಣಂ. ಹೆಸರು ಮಾಡಿದವರು ಸಿಕ್ಕಿಬೀಳುವುದು ಈ ಎರಡು ಗಾದೆಗಳ ನಡುವೆ.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಅಂತ ಮೂರನೆಯದೂ ಇದೆ. ಅದನ್ನು ಮಾಡಿದವರು ಮಳೆಗಾಲದಲ್ಲಿ ಹಸಿ ಸೌದೆ ಒಲೆಗಿಟ್ಟವರಲ್ಲ. ಆಗುಂಬೆಯಲ್ಲಿ ಬೆಳಗ್ಗೆ ಎದ್ದು ನೋಡಿದವರೂ ಅಲ್ಲ. ಗುಡ್ಡಕ್ಕೆ ಗುಡ್ಡವೇ ಹೊಗೆಯಾಡುತ್ತಿರುತ್ತದೆ. ಹತ್ತಿರ ಹೋದರೆ ಮಂಜು.

ಈಗ ನನ್ನ ಪಾಪದ ಲೆಕ್ಕ. ಬೇರೆಯವರ ಬಗ್ಗೆ ಮಾತಾಡುವ ಮೊದಲು ಅದನ್ನು ಹೇಳಿಬಿಡುತ್ತೇನೆ.

ನಮ್ಮ ಪುಟದಲ್ಲಿ ಒಂದು ಗುಸುಗುಸು ಅಂಕಣ ಇತ್ತು. ಬರೆಯುತ್ತಿದ್ದವನು ನಾನೇ, ಹೆಸರು ಹಾಕುತ್ತಿರಲಿಲ್ಲ. ಕನ್ನಡದಲ್ಲಿ ಗಾಳಿಸುದ್ದಿಗೆ ವ್ಯಾಕರಣದಲ್ಲೇ ಜಾಗ ಇದೆ, ಗಮನಿಸಿದ್ದೀರಾ? 'ಅಂತೆ'. ಮದುವೆಯಂತೆ, ಬಿಟ್ಟುಬಿಟ್ಟರಂತೆ, ಆಸ್ಪತ್ರೆಯಲ್ಲಿದ್ದಾರಂತೆ. ಹೇಳಿದವನು ನಾನಲ್ಲ, ಬರೀ ದಾಟಿಸಿದವನು. ಅಂತೆ ಅನ್ನುವ ಎರಡಕ್ಷರ ಇಡೀ ವಾಕ್ಯದ ಜವಾಬ್ದಾರಿ ಹೊತ್ತುಕೊಂಡು ಹೋಗುತ್ತದೆ. ಅಲ್ಲಗಳೆಯುವವರಿಗೆ ಇಂಥ ಒಂದು ಪ್ರತ್ಯಯ ಇಲ್ಲ. ಅವರು ಪೂರ್ತಿ ವಾಕ್ಯ ಆಡಬೇಕು, ತಮ್ಮ ಹೆಸರಿಟ್ಟು ಆಡಬೇಕು.

ಒಂದು ವಾರ ಬರೆಯಲು ಏನೂ ಇರಲಿಲ್ಲ. ಯಾರೋ ಬೆಂಗಳೂರಿನಿಂದ ಫೋನಲ್ಲಿ ಹೇಳಿದ ಮಾತನ್ನು ಅಂತೆ ಹಚ್ಚಿ ಬರೆದೆ. ಆಗ ತಾನೇ ಎರಡನೇ ಸಿನಿಮಾ ಮಾಡುತ್ತಿದ್ದ ಒಬ್ಬ ಹುಡುಗಿ ಶೂಟಿಂಗ್ ಬಿಟ್ಟು ಓಡಿಹೋಗಿದ್ದಾಳಂತೆ ಅಂತ. ಮೂರು ಕಾಲಂ, ಜೊತೆಗೆ ಅವಳ ಫೋಟೊ. ನಾಲ್ಕನೇ ದಿನ ಆಫೀಸಿಗೆ ಫೋನ್ ಬಂತು. ಅವಳ ತಾಯಿ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. 'ಅವಳಿಗೆ ಟೈಫಾಯ್ಡ್ ಆಗಿದೆ. ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ನಿಮಗೆ ಯಾರು ಹೇಳಿದ್ದು?' ಅಂದರು. ನಾನು ಸುಮ್ಮನಿದ್ದೆ. ಅವರು ಮತ್ತೆ ಅದನ್ನೇ ಕೇಳಿದರು. 'ನಾನು ಕೇಳ್ತಾ ಇರೋದು ಅಷ್ಟೇ. ಯಾರು ಹೇಳಿದ್ದು?' ಆ ಕಡೆಯಿಂದ ಫ್ಯಾನ್ ತಿರುಗುವ ಸದ್ದು ಕೇಳುತ್ತಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೇಳಿದವನಿಗೂ ಇನ್ನೊಬ್ಬ ಯಾರೋ ಹೇಳಿದ್ದ.

ಮುಂದಿನ ವಾರ ಸ್ಪಷ್ಟನೆ ಹಾಕಿದೆವು. ಎರಡೇ ಸಾಲು, ಬೆಂಕಿಪೊಟ್ಟಣದಷ್ಟು ಜಾಗ. ಎಲ್ಲಿ ಗೊತ್ತಾ? ಅಡಿಕೆ ಧಾರಣೆಯ ಕೆಳಗೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಅದಾದ ಮೇಲೆ ಆ ಹುಡುಗಿಯ ಮಾನ. ಒಂದು ಲೆಕ್ಕದಲ್ಲಿ ನಮ್ಮ ಜಿಲ್ಲೆಯಲ್ಲಿ ಅತಿ ಹೆಚ್ಚು ಜನ ಓದುವ ಜಾಗ ಅದು, ನಿಜ. ಆದರೆ ಅಡಿಕೆ ರೇಟು ನೋಡುವವನ ಕಣ್ಣು ಅಂಕಿಯಿಂದ ಕೆಳಗೆ ಇಳಿಯುವುದಿಲ್ಲ.

2018ರಲ್ಲಿ ಅಮೆರಿಕದ ಎಂಐಟಿ ಸಂಶೋಧಕರು ಟ್ವಿಟರ್‌ನಲ್ಲಿ ಹರಿದಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದು ನೋಡಿದರು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೊತ್ತು ಬೇಕಾಗಿತ್ತು. ನನಗೆ ಆಶ್ಚರ್ಯ ಆಗಲಿಲ್ಲ. ಮೂರು ಕಾಲಂ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ.

ಗಾಳಿಸುದ್ದಿಗಳಲ್ಲಿ ಸಾವಿನ ಸುದ್ದಿಯೇ ಒಂದು ಬೇರೆ ಜಾತಿ. ಬೇರೆ ಯಾವ ಸುಳ್ಳನ್ನಾದರೂ ಅಲ್ಲಗಳೆಯಲು ಸಾಕ್ಷಿ ಬೇಕು. ಇದಕ್ಕೆ ಉಸಿರಾಡಿದರೆ ಸಾಕು. ಹಾಗಿದ್ದರೂ ಅದು ಸುಲಭ ಅಲ್ಲ.

ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1897ರಲ್ಲಿ ಲಂಡನ್ನಿನಲ್ಲಿದ್ದರು. ಸತ್ತೇ ಹೋದರು ಅಂತ ಸುದ್ದಿ ಹಬ್ಬಿತು. ಕಾಯಿಲೆ ಬಿದ್ದಿದ್ದವನು ಅವರ ದಾಯಾದಿಯೊಬ್ಬ. ವಿಚಾರಿಸಲು ಬಂದ ಪತ್ರಿಕೆಯವನಿಗೆ ಅವರು ಹೇಳಿದ್ದು, ನನ್ನ ಸಾವಿನ ವರದಿ ಉತ್ಪ್ರೇಕ್ಷೆ ಅಂತ. ಅಷ್ಟೇ ಮಾತು. ಜನ ಅದಕ್ಕೆ 'ವಿಪರೀತ' ಅನ್ನುವ ಪದ ಸೇರಿಸಿ, ವಿಪರೀತ ಉತ್ಪ್ರೇಕ್ಷೆ ಅಂತ ಇವತ್ತಿಗೂ ಹೇಳುತ್ತಾರೆ. ಗಾಳಿಸುದ್ದಿಗೆ ರೆಕ್ಕೆಪುಕ್ಕ ಬರುವುದು ಹಾಗಿರಲಿ, ಅದನ್ನು ಅಲ್ಲಗಳೆದ ಮಾತಿಗೂ ಬಂತು.

ನಮ್ಮಲ್ಲಿ ಇದಕ್ಕಿಂತ ದೊಡ್ಡದು ನಡೆದಿದೆ. 1979ರ ಮಾರ್ಚ್. ಜಯಪ್ರಕಾಶ ನಾರಾಯಣ್ ಬೊಂಬಾಯಿಯ ಜಸ್‌ಲೋಕ್ ಆಸ್ಪತ್ರೆಯಲ್ಲಿದ್ದರು. ಅವರು ತೀರಿಕೊಂಡರು ಅಂತ ಲೋಕಸಭೆಯಲ್ಲಿ ಹೇಳಿದವರು ಪ್ರಧಾನಿ ಮೊರಾರ್ಜಿ ದೇಸಾಯಿ. ಶ್ರದ್ಧಾಂಜಲಿ ಆಯಿತು, ಸದನ ಮುಂದೂಡಿದರು, ರೇಡಿಯೋದಲ್ಲೂ ಬಂತು. ಜೆಪಿ ಬದುಕಿದ್ದರು. ಅದಾದ ಮೇಲೆ ಆರು ತಿಂಗಳಿಗೂ ಹೆಚ್ಚು ಕಾಲ ಬದುಕಿದ್ದು ಅಕ್ಟೋಬರ್ 8ಕ್ಕೆ ತೀರಿಕೊಂಡರು. ವಾಟ್ಸಾಪ್ ಯೂನಿವರ್ಸಿಟಿ ಅಂತ ನಾವು ನಗುತ್ತೇವೆ ಅಲ್ವಾ? ಆ ಸುದ್ದಿಯನ್ನು ಫಾರ್ವರ್ಡ್ ಮಾಡಿದ್ದು ಪಾರ್ಲಿಮೆಂಟು.

ಇತ್ತೀಚಿನದಕ್ಕೆ ಬರೋಣ. 2023ರ ಸೆಪ್ಟೆಂಬರ್ 6. ನಟಿ ರಮ್ಯಾ ಹೃದಯಾಘಾತದಿಂದ ತೀರಿಕೊಂಡರು ಅಂತ ಸುದ್ದಿ. ಒಂದು ತಿಂಗಳ ಹಿಂದಷ್ಟೇ ಕನ್ನಡದ ನಟರೊಬ್ಬರ ಪತ್ನಿ ಹೃದಯಾಘಾತಕ್ಕೆ ಬಲಿಯಾಗಿದ್ದರು. ಅವರ ಹೆಸರಿಗೂ ರಮ್ಯಾ ಅವರ ಇನ್ನೊಂದು ಹೆಸರಿಗೂ ಹೋಲಿಕೆ ಇತ್ತು. ಜನರ ಮನಸ್ಸು ಅಂಥ ಸುದ್ದಿ ನಂಬಲು ಹದವಾಗಿತ್ತು. ರಮ್ಯಾ ಜಿನೀವಾದಲ್ಲಿದ್ದರು. ಬಲ್ಲವರು ಫೋನ್ ಮಾಡಿ ಮಾತಾಡಿ, ಚೆನ್ನಾಗಿದ್ದಾರೆ ಅಂತ ಬರೆದರು. ಸುದ್ದಿ ನಿಂತದ್ದು ಆಗ. ಯಾರೋ ಮೂರನೆಯವರು ಈಗ ತಾನೇ ಮಾತಾಡಿದೆ, ಇಂಥ ಊರಲ್ಲಿದ್ದಾರೆ ಅಂದರೆ ನಂಬಿಕೆ ಬರುತ್ತೆ. ಕೃಷ್ಣ ಕಾಡಿಗೆ ಜನ ಕರೆದುಕೊಂಡು ಹೋದದ್ದು ಇದಕ್ಕೇ.

ಇನ್ನೊಂದು, ನನಗೆ ಹೇಳಲು ಕಷ್ಟವಾಗುವ ಕಥೆ. 2020ರ ಜೂನ್ ಕೊನೆಯಲ್ಲಿ ಗಾಯಕಿ ಎಸ್. ಜಾನಕಿ ಇಲ್ಲ ಅಂತ ಸುದ್ದಿ ಹಬ್ಬಿತು. ಅದು ಅವರಿಗೆ ಮೊದಲ ಸಲವೇನೂ ಅಲ್ಲ. ಆಗ ಒಂದು ವಿಡಿಯೋ ಮಾಡಿ, ಅವರ ಜೊತೆ ಮಾತಾಡಿದೆ, ಆರಾಮಾಗಿದ್ದಾರೆ, ಯಾಕೆ ಹೀಗೆಲ್ಲ ಮಾಡುತ್ತೀರಿ ಅಂತ ಬೇಸರದಿಂದ ಕೇಳಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಆಗಸ್ಟ್ ಮೊದಲ ವಾರ ಅವರಿಗೇ ಕೊರೊನಾ ಬಂತು. ಚೆನ್ನೈನ ಆಸ್ಪತ್ರೆಯಿಂದ ಅವರ ಬಗ್ಗೆ ಬಂದ ಗಾಳಿಸುದ್ದಿ ಎಂಥದ್ದು ಗೊತ್ತಾ? ಒಳ್ಳೆಯದು. ಆಗಸ್ಟ್ 24ರಂದು, ಟೆಸ್ಟ್ ನೆಗೆಟಿವ್ ಬಂದಿದೆ, ಗೆದ್ದರು ಅಂತ ಎಲ್ಲ ಕಡೆ ಓಡಿತು. ನಮ್ಮ ಮನೆಯಲ್ಲಿ ಪಾಯಸ ಮಾಡಲು ಬೆಲ್ಲ ಕುಟ್ಟುತ್ತಿದ್ದರು. ಮಗ ಚರಣ್ ಬಂದು, ಇಲ್ಲ, ಇದು ನಿಜವಲ್ಲ, ದಯವಿಟ್ಟು ಹಬ್ಬಿಸಬೇಡಿ ಅಂದರು. ಕೆಟ್ಟ ಸುದ್ದಿ ಸುಳ್ಳು ಅಂತ ಹೇಳುವುದು ಒಂದು. ಒಳ್ಳೆಯ ಸುದ್ದಿ ಸುಳ್ಳು ಅಂತ ಮಗನಾದವನು ಹೇಳಬೇಕಾಗಿ ಬರುವುದು ಇನ್ನೊಂದು. ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ ಹೋದರು.

ಚರಣ್ ಮಾಡಿದ್ದರಲ್ಲಿ ಒಂದು ಒಳ್ಳೆಯ ಕೆಲಸ ಇದೆ. ಅಪ್ಪನ ಆರೋಗ್ಯ ಹೇಗಿದೆ ಅಂತ ಮತ್ತೆ ಮತ್ತೆ ವಿಡಿಯೋ ಮಾಡಿ ಹೇಳುತ್ತಿದ್ದರು. ಹೇಳಲು ಹೆಚ್ಚೇನೂ ಇರದ ದಿನವೂ ಹೇಳಿದರು. ಅದರಿಂದ ಗಾಳಿಗೆ ಖಾಲಿ ಜಾಗ ಕಡಿಮೆ ಸಿಕ್ಕಿತು. ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 1947ರಲ್ಲಿ ಇದಕ್ಕೊಂದು ಲೆಕ್ಕವನ್ನೇ ಬರೆದಿಟ್ಟಿದ್ದಾರೆ. ವಿಷಯ ನಮಗೆ ಎಷ್ಟು ಮುಖ್ಯ, ಮತ್ತು ಅದು ಎಷ್ಟು ಮಸುಕಾಗಿದೆ. ಎರಡನ್ನೂ ಗುಣಿಸಿ. ಯಾವುದಾದರೂ ಒಂದು ಸೊನ್ನೆಯಾದರೆ ಗಾಳಿಸುದ್ದಿಯೂ ಸೊನ್ನೆ. ಹೆಸರು ಮಾಡಿದವರಿಗೆ ಮೊದಲನೆಯದನ್ನು ಸೊನ್ನೆ ಮಾಡಲು ಆಗುವುದಿಲ್ಲ. ಅವರ ಕೈಯಲ್ಲಿರುವುದು ಎರಡನೆಯದು ಮಾತ್ರ.

ಮಸುಕು ಅಂದರೆ ಏನು ಅಂತ ನಮ್ಮ ತಲೆಮಾರಿಗೆ ಗೊತ್ತು. 2000ದ ಜುಲೈ 30ರ ರಾತ್ರಿ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಗಾಜನೂರಿನಿಂದ ಎತ್ತಿಕೊಂಡು ಹೋದ. ಇಲ್ಲಿ ಒಂದು ತಮಾಷೆ. ಶಿವಮೊಗ್ಗದ ಪಕ್ಕದಲ್ಲೂ ಒಂದು ಗಾಜನೂರು ಇದೆಯಲ್ಲ, ತುಂಗಾ ಅಣೆಕಟ್ಟಿನದು. ಮರುದಿನ ಬೆಳಗ್ಗೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಗಾಬರಿಯಿಂದ ಕೇಳಿದರು, 'ವೀರಪ್ಪನ್ ಡ್ಯಾಮ್ ತನಕ ಬಂದ್ನಾ?' ಅಲ್ಲ ಸ್ವಾಮಿ, ಅದು ತಮಿಳುನಾಡಿನ ಗಡಿಯೊಳಗಿನ ಗಾಜನೂರು ಅಂತ ತಿಳಿಹೇಳುವಷ್ಟರಲ್ಲಿ ಅವರು ಇಬ್ಬರಿಗೆ ಹೇಳಿಯಾಗಿತ್ತು. 108 ದಿನ. ದಿನಕ್ಕೊಂದು ಸುದ್ದಿ. ಕಾಡಿನಿಂದ ಕ್ಯಾಸೆಟ್ ಬಂದಾಗ ಜನ ಕಾದಿದ್ದದ್ದು ಆ ದನಿಗೆ. ಆ ದನಿ ಗೊತ್ತಿಲ್ಲದ ಕನ್ನಡಿಗ ಇಲ್ಲವಲ್ಲ. ಸರ್ಕಾರದ ಹತ್ತು ಹೇಳಿಕೆ ಮಾಡದ ಕೆಲಸವನ್ನು ಒಂದು ದನಿ ಮಾಡಿತು.

ಇಂಗ್ಲೆಂಡಿನ ಅರಮನೆಗೆ ಇಷ್ಟು ಹೊಳೆಯಲಿಲ್ಲ. 2024ರ ಜನವರಿಯಲ್ಲಿ ವೇಲ್ಸ್ ರಾಜಕುಮಾರಿ ಕೇಟ್ ಅವರಿಗೆ ಶಸ್ತ್ರಚಿಕಿತ್ಸೆ ಆಗಿದೆ ಅಂತ ಹೇಳಿ ಬಾಯಿ ಮುಚ್ಚಿಕೊಂಡರು. ಎಲ್ಲಿದ್ದಾರೆ, ಏನಾಗಿದೆ ಅಂತ ಜಗತ್ತೇ ಪತ್ತೇದಾರಿಕೆಗೆ ಇಳಿಯಿತು. ಗಲಾಟೆ ತಣ್ಣಗಾಗಲಿ ಅಂತ ಮಾರ್ಚ್ 10ಕ್ಕೆ ತಾಯಿ ಮಕ್ಕಳ ಒಂದು ಫೋಟೊ ಬಿಟ್ಟರು. ಅದನ್ನು ತಿದ್ದಲಾಗಿದೆ ಅಂತ ಸುದ್ದಿ ಸಂಸ್ಥೆಗಳೇ ವಾಪಸ್ ತೆಗೆದವು. ಇದ್ದ ಅನುಮಾನ ಹತ್ತು ಪಟ್ಟಾಯಿತು. ಕೊನೆಗೆ ಮಾರ್ಚ್ 22ಕ್ಕೆ ಆಕೆ ಒಂದು ಬೆಂಚಿನ ಮೇಲೆ ಒಬ್ಬರೇ ಕೂತು, ನನಗೆ ಕ್ಯಾನ್ಸರ್ ಅಂತ ಹೇಳಿದರು. ಆಡಿಕೊಂಡವರ ಬಾಯಿ ಕಟ್ಟಿತು. ಆದರೆ ನನಗೊಂದು ಪ್ರಶ್ನೆ ಉಳಿಯಿತು. ಕಾಯಿಲೆ ಯಾವುದು ಅಂತ ನಮಗೆ ಹೇಳುವ ಸಾಲ ಅವರ ಮೇಲಿತ್ತಾ? ಮಕ್ಕಳಿಗೆ ಮೊದಲು ತಿಳಿಹೇಳಬೇಕಿತ್ತು ಅಂದರು ಆಕೆ. ನಾವು ಅಷ್ಟು ಹೊತ್ತೂ ಬಾಗಿಲು ಬಡಿಯುತ್ತಿದ್ದೆವು.

ಕೋರ್ಟಿಗೆ ಹೋಗುವವರ ವಿಷಯ. ಇದರಲ್ಲಿ ನನಗೆ ಎರಡು ಮನಸ್ಸು.

ಅಮೆರಿಕದಲ್ಲಿ ಕ್ಯಾರೊಲ್ ಬರ್ನೆಟ್ ಅಂತ ಹಾಸ್ಯ ನಟಿ. ಹೋಟೆಲೊಂದರಲ್ಲಿ ಕುಡಿದವಳ ಹಾಗೆ ಗಲಾಟೆ ಮಾಡಿದಳು ಅನ್ನುವ ಅರ್ಥ ಬರುವಂತೆ 1976ರಲ್ಲಿ ನ್ಯಾಷನಲ್ ಎನ್‌ಕ್ವೈರರ್ ಪತ್ರಿಕೆ ನಾಲ್ಕು ಸಾಲು ಹಾಕಿತು. ಆಮೇಲೆ ತಪ್ಪಾಯಿತು ಅಂತಲೂ ಹಾಕಿತು. ಆಕೆ ಬಿಡಲಿಲ್ಲ. ಆಕೆಯ ಅಪ್ಪ ಅಮ್ಮ ಇಬ್ಬರೂ ಕುಡಿತದಿಂದ ಹಾಳಾದವರು. ಬೇರೆ ಯಾರಿಗೋ ಸಣ್ಣ ಸುದ್ದಿ, ಆಕೆಗೆ ಹಳೆ ಗಾಯ. 1981ರಲ್ಲಿ ಜ್ಯೂರಿ 16 ಲಕ್ಷ ಡಾಲರ್ ಕೊಡಿಸಿತು. ಮೇಲಿನ ಹಂತಗಳಲ್ಲಿ ಅದು ಇಳಿದು ಇಳಿದು 2 ಲಕ್ಷಕ್ಕೆ ಬಂತು. ಪರವಾಗಿಲ್ಲ, ಗೆದ್ದರು. ಒಂದು ಭಾಗವನ್ನು ಪತ್ರಿಕೋದ್ಯಮ ಕಲಿಸುವ ವಿಶ್ವವಿದ್ಯಾಲಯಗಳಿಗೆ ಕೊಟ್ಟರು. ಇದನ್ನು ಓದಿದಾಗ ನನಗೆ ಆ ಫ್ಯಾನಿನ ಸದ್ದು ನೆನಪಾಯಿತು.

ಇನ್ನೊಂದು ಮನಸ್ಸಿಗೆ ಕಾರಣ ನಮ್ಮದೇ ರಾಜ್ಯ. 2021ರ ಮಾರ್ಚ್‌ನಲ್ಲಿ ಸಚಿವರೊಬ್ಬರ ಸಿಡಿ ಗಲಾಟೆ ಆಯಿತಲ್ಲ. ಅದರ ಬೆನ್ನಿಗೇ ಬೇರೆ ಆರು ಜನ ಸಚಿವರು ಬೆಂಗಳೂರಿನ ಕೋರ್ಟಿಗೆ ಹೋಗಿ, ನಮ್ಮ ಮಾನ ಕಳೆಯುವಂಥದ್ದೇನೂ ಹಾಕಬಾರದು ಅಂತ 68 ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು. ಅಲ್ಲಿಯವರೆಗೆ ಅವರ ಹೆಸರನ್ನು ಯಾರೂ ಎತ್ತಿರಲಿಲ್ಲ! ಹಳ್ಳಿಹಳ್ಳಿಯಲ್ಲಿ ಆ ಕುಂಬಳಕಾಯಿ ಗಾದೆ ಅವತ್ತು ಓಡಿದಷ್ಟು ಇನ್ಯಾವತ್ತೂ ಓಡಿರಲಿಕ್ಕಿಲ್ಲ. ಗಾದೆ ಮೇಲೆ ನನಗೆ ಸಿಟ್ಟಿದ್ದರೂ ಒಪ್ಪಿಕೊಳ್ಳಬೇಕು, ಅವತ್ತು ನಾನೂ ನಕ್ಕೆ. ಕಾನೂನಿನ ಪ್ರಕಾರ ಅವರು ಮಾಡಿದ್ದರಲ್ಲಿ ತಪ್ಪಿಲ್ಲ. ಆದರೆ ಯಾರೂ ಕರೆಯುವ ಮೊದಲೇ ಹೆಗಲು ಮುಟ್ಟಿಕೊಂಡರೆ ಏನು ಮಾಡುವುದು?

ಪೂರ್ತಿ ಸುಳ್ಳೂ ಅಲ್ಲದ ಪುಕಾರುಗಳೂ ಇವೆ. ನಮ್ಮ ಶಿವಮೊಗ್ಗದಲ್ಲೇ ಹುಟ್ಟಿದ ಸುದೀಪ್ 2023ರ ಚುನಾವಣೆ ಹೊತ್ತಿಗೆ ಪಕ್ಷ ಸೇರುತ್ತಾರೆ ಅಂತ ಎದ್ದಿತು. ಇದು ಸುಳ್ಳು ಸುದ್ದಿ ಅಂತ ಇನ್ನೊಬ್ಬ ನಟ ಪ್ರಕಾಶ್ ರಾಜ್ ಬಹಿರಂಗವಾಗಿಯೇ ಬರೆದರು. ಏಪ್ರಿಲ್ 5ಕ್ಕೆ ಸುದೀಪ್ ತಾವು ಮಾಮ ಅಂತ ಕರೆಯುವ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಪಕ್ಕದಲ್ಲಿ ಕೂತು, ಪಕ್ಷ ಸೇರುತ್ತಿಲ್ಲ, ನಿಲ್ಲುತ್ತಿಲ್ಲ, ಆದರೆ ಮಾಮನ ಪರ ಪ್ರಚಾರ ಮಾಡುತ್ತೇನೆ ಅಂದರು. ಅವರ ನಿಲುವು ನಿಮಗೆ ಇಷ್ಟವೋ ಇಲ್ಲವೋ ಬೇರೆ ಮಾತು. ಅರ್ಧ ನಿಜವನ್ನು ಎಲ್ಲಿಗೆ ಕತ್ತರಿಸಬೇಕೋ ಅಲ್ಲಿಗೆ ಕತ್ತರಿಸಿದರು. ಅರ್ಧ ನಿಜದ ಶಕ್ತಿ ಎಷ್ಟು ಅಂತ ದ್ರೋಣರನ್ನು ಕೇಳಬೇಕು. ಅಶ್ವತ್ಥಾಮ ಸತ್ತ ಅಂತ ಸುದ್ದಿ ಬಂದಾಗ ಅವರು ತಟ್ಟನೆ ನಂಬಲಿಲ್ಲ. ಖಾತ್ರಿ ಮಾಡಿಕೊಳ್ಳಲು ಸುಳ್ಳಾಡದ ಧರ್ಮರಾಯನನ್ನೇ ಕೇಳಿದರು. ಪರಿಶೀಲಿಸಿದ ಮೂಲವೇ ಕೈಕೊಟ್ಟಿತು.

ನಗಿಸಿ ಉತ್ತರ ಕೊಡುವವರು ನನಗೆ ಇಷ್ಟ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಸತ್ತಿದ್ದಾನೆ, ಈಗ ಹಾಡುತ್ತಿರುವುದು ಅವನ ಹಾಗೆ ಕಾಣುವ ಇನ್ನೊಬ್ಬ ಅಂತ 1969ರಲ್ಲಿ ಹಬ್ಬಿತು. ಸಾಕ್ಷಿ? ಆಲ್ಬಮ್ಮಿನ ಮುಖಪುಟದಲ್ಲಿ ರಸ್ತೆ ದಾಟುವಾಗ ಬರಿಗಾಲಲ್ಲಿದ್ದಾನೆ. ಬರಿಗಾಲಲ್ಲಿ ನಡೆದರೆ ಸತ್ತ ಅಂತಾದರೆ ನಮ್ಮ ತೋಟದಲ್ಲಿ ಜೀವಂತ ಇರುವವರು ಯಾರು? ಲೈಫ್ ಪತ್ರಿಕೆ ಸ್ಕಾಟ್ಲೆಂಡಿನ ಅವರ ತೋಟಕ್ಕೆ ಹೋಗಿ, ಹೆಂಡತಿ ಮಕ್ಕಳ ಜೊತೆಗಿನ ಫೋಟೊವನ್ನು ನವೆಂಬರ್‌ನಲ್ಲಿ ಮುಖಪುಟಕ್ಕೆ ಹಾಕಿತು. ಆದರೂ ಗುಮಾನಿ ಪೂರ್ತಿ ಹೋಗಲಿಲ್ಲ. 24 ವರ್ಷ ಬಿಟ್ಟು, 1993ರಲ್ಲಿ, ಪಾಲ್ ಅದೇ ರಸ್ತೆಯಲ್ಲಿ ನಾಯಿ ಹಿಡಿದುಕೊಂಡು, ಈ ಸಲ ಶೂ ಹಾಕಿಕೊಂಡು, ದಾಟುವ ಚಿತ್ರವನ್ನೇ ಹೊಸ ಆಲ್ಬಮ್ಮಿಗೆ ಹಾಕಿದರು.

ಆದರೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾನು ಹೊಸನಗರದ ಕಡೆ ಒಂದು ಗದ್ದೆಬಯಲಲ್ಲಿ ನೋಡಿದ್ದೇನೆ. ಯಕ್ಷಗಾನದ ಹರಕೆ ಆಟ. ಒಬ್ಬ ಹಿರಿಯ ಕಲಾವಿದರು. ಹೆಸರು ಬೇಡ, ಅವರ ಮನೆಯವರು ಇದ್ದಾರೆ. ಅವರಿಗೆ ಲಕ್ವ ಹೊಡೆದಿದೆ, ಬಾಯಿ ಸೊಟ್ಟಗಾಗಿದೆ, ಇನ್ನು ವೇಷ ಕಟ್ಟುವುದಿಲ್ಲ ಅಂತ ಆ ಸುಗ್ಗಿಯೆಲ್ಲ ಸುದ್ದಿ. ಇನ್ನೂ ಮುಂದೆ ಹೋದವರು ಅವರನ್ನು ಸುಟ್ಟೇ ಬಂದಿದ್ದರು. ಅವತ್ತು ಅವರಿಗೆ ಜಾಂಬವಂತನ ಪಾತ್ರ. ಹೌದು, ಅದೇ ಸ್ಯಮಂತಕದ ಕಥೆ. ಬಣ್ಣ ಹಚ್ಚುವ ಚೌಕಿಯಿಂದ ಬರುವುದು ತಡವಾಯಿತು. ಜನರಲ್ಲಿ ಗುಜುಗುಜು. ಭಾಗವತರು ಪದ ಎತ್ತಿದರು, ಚೆಂಡೆ ಬಿತ್ತು. ಬಂದರು. ಕುಣಿಯಲಿಲ್ಲ. ರಂಗದ ನಡುವೆ ಗುಹೆಯಲ್ಲಿ ಮಲಗಿದವರ ಹಾಗೆ ಒರಗಿ ಕೂತರು. ಒಂದು ಗಳಿಗೆ ಸುಮ್ಮನೆ ನಮ್ಮನ್ನೇ ನೋಡಿದರು. ಆಮೇಲೆ ಅರ್ಥ, ಅಂದರೆ ಪಾತ್ರದ ಮಾತು, ಶುರು ಮಾಡಿದರು:

'ಯಾರಯ್ಯಾ ಅದು ಬಾಗಿಲಲ್ಲಿ? ತ್ರೇತಾಯುಗದಿಂದ ಇದ್ದವನು ನಾನು. ಸ್ವಲ್ಪ ಕಣ್ಣು ಮುಚ್ಚಿ ಮಲಗಿದ್ದೆ. ಅಷ್ಟರಲ್ಲಿ ನನ್ನ ವೈಕುಂಠ ಸಮಾರಾಧನೆ ಊಟಕ್ಕೆ ಎಲೆ ಹಾಕಿಬಿಟ್ರಾ? ಬಂದದ್ದು ಬಂದಿದ್ದೀರಿ, ಕೂತ್ಕೊಳ್ಳಿ. ಬಡಿಸುವವನು ನಾನೇ.'

ಬಯಲು ಬಿದ್ದು ಬಿದ್ದು ನಕ್ಕಿತು. ನನ್ನ ಪಕ್ಕದಲ್ಲಿ ಕೂತವನೂ ನಕ್ಕ. ಆ ಸಾಯಂಕಾಲ ಚಾ ಕುಡಿಯುವಾಗ ನನಗೆ ಅವರ ಸಾವಿನ ಸುದ್ದಿ ಹೇಳಿದವನು ಅವನೇ. ಯಕ್ಷಗಾನದಲ್ಲಿ ಇದು ಸಾಧ್ಯ, ಯಾಕೆಂದರೆ ಮಾತು ಅಲ್ಲೇ ಹುಟ್ಟಬೇಕು. ಆದರೆ ಇನ್ನೊಂದು ವಿಷಯ ನೋಡಿದೆ. ಇಡೀ ರಾತ್ರಿ ಅವರ ಎಡಗೈ ಹೆಚ್ಚು ಮೇಲೇಳಲಿಲ್ಲ. ಸುದ್ದಿಯಲ್ಲಿ ಒಂದೆಳೆ ನಿಜ ಇತ್ತು ಅನ್ನಿಸುತ್ತದೆ. ನಾನು ಯಾರಿಗೂ ಹೇಳಲಿಲ್ಲ. ಇವತ್ತೇ ಮೊದಲು.

ನಗಿಸಿ ತಳ್ಳಲಾಗದ್ದು ಈಗ ಬಂದಿದೆ. 2023ರ ನವೆಂಬರ್‌ನಲ್ಲಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೆ ಹೆಣ್ಣುಮಗಳ ಮೈಗೆ ಅಂಟಿಸಿದ ವಿಡಿಯೋ ಹರಿದಾಡಿತು. ಇಷ್ಟು ದಿನ ಹೇಳಿದ್ದು ಸುಳ್ಳಾಗಿರುತ್ತಿತ್ತು, ಈಗ ಕಂಡದ್ದೂ ಸುಳ್ಳು. ಇಲ್ಲಿ ಅಂತೆಯೂ ಇಲ್ಲ. ರಶ್ಮಿಕಾ ತಮಾಷೆ ಮಾಡಲಿಲ್ಲ, ಸುಮ್ಮನೂ ಕೂರಲಿಲ್ಲ. ನೋವಾಗಿದೆ ಅಂತ ನೇರ ಬರೆದರು. ನನಗೆ ಮನೆಯವರು, ಗೆಳೆಯರು ಇದ್ದಾರೆ, ಶಾಲೆ ಕಾಲೇಜಲ್ಲಿದ್ದಾಗ ಹೀಗಾಗಿದ್ದರೆ ಹೇಗೆ ತಡೆದುಕೊಳ್ಳುತ್ತಿದ್ದೆನೋ ಗೊತ್ತಿಲ್ಲ ಅಂದರು. ಮಾತನ್ನು ತನ್ನಿಂದ ಎತ್ತಿ ಯಾವುದೋ ಊರಿನ ಯಾವುದೋ ಹುಡುಗಿಯ ಕಡೆ ತಿರುಗಿಸಿದರು. ಜನವರಿಯಲ್ಲಿ ದೆಹಲಿ ಪೊಲೀಸರು ಅದನ್ನು ಮಾಡಿದವನನ್ನು ಹಿಡಿದರು. ಅದೇ 2023ರಲ್ಲಿ ಅಮಿತಾಭ್ ಬಚ್ಚನ್ ಅವರ ಮೊಮ್ಮಗಳು, 11 ವರ್ಷದ ಮಗು, ತನ್ನ ಆರೋಗ್ಯದ ಬಗ್ಗೆ ಸುಳ್ಳು ವಿಡಿಯೋ ತೆಗೆಸಲು ದೆಹಲಿ ಹೈಕೋರ್ಟಿಗೆ ಹೋಗಬೇಕಾಯಿತು. ಕೋರ್ಟು ತೆಗೆಸಿತು.

ಇನ್ನೊಂದೇ ಮಾತು. 2021ರ ಅಕ್ಟೋಬರ್ 29. ಶುಕ್ರವಾರ. ನಾನು ತೋಟದಲ್ಲಿದ್ದೆ. ಪುನೀತ್ ಆಸ್ಪತ್ರೆಯಲ್ಲಿದ್ದಾರಂತೆ ಅಂತ ಒಂದು ಮೆಸೇಜು. ಆಮೇಲೆ ಇನ್ನೊಂದು. ನಾನು ಅವನ್ನು ನಂಬಲಿಲ್ಲ. ನನ್ನ ಕಸುಬೇ ಅದಲ್ವಾ, ಇಂಥವನ್ನು ಎಷ್ಟು ನೋಡಿದ್ದೇನೆ. ಈಗ ಯಾರಾದರೂ ಅಲ್ಲಗಳೆಯುತ್ತಾರೆ, ಅಣ್ಣ ಯಾರಾದರೂ ಟೀವಿಗೆ ಬಂದು ಬೈಯುತ್ತಾರೆ ಅಂತ ಕಾದೆ. ಸಿಗ್ನಲ್ ಸಿಗಲಿ ಅಂತ ಗುಡ್ಡದ ಮೇಲಿನ ಗೇರುಮರದವರೆಗೆ ಹತ್ತಿದೆ. ಅಲ್ಲಿ ಆಗಲೇ ನಾಲ್ಕು ಜನ ನಿಂತಿದ್ದರು, ಮೊಬೈಲ್ ಮೇಲೆತ್ತಿಕೊಂಡು. ಯಾರೂ ಮಾತಾಡಲಿಲ್ಲ. ಎಲ್ಲರೂ ಕಾಯುತ್ತಿದ್ದದ್ದು ಒಂದು ಸ್ಪಷ್ಟನೆಗೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಿ ಅಂದೆ. ಒಬ್ಬ ಹುಡುಗ ಎದ್ದು, ನಾಳೆ ಮಳೆಗೆ ಶಾಲೆ ರಜೆ ಅಂತ ಡಿಸಿ ಆರ್ಡರ್ ಬಂದಿದೆ, ಅದು ಸುಳ್ಳಾ ನಿಜವಾ ಅಂತ ಕೇಳಿದ. ತಾರೀಖು ನೋಡಪ್ಪ ಅಂದೆ. ನೋಡಿದ. ಹೋದ ವರ್ಷದ್ದು. ಪಾಪ, ಮುಖ ಬಾಡಿತು.

ಆಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕೂತಲ್ಲಿಂದಲೇ ಹೇಳಿದರು. 'ನೀವು ಕೇಳಿದಾಗ ನಾನು ಕೈ ಎತ್ತಲಿಲ್ಲ. ಚೌತಿ ಸಂಜೆ ಒಂದು ಗಳಿಗೆ ಮೋಡ ಸರಿದಿತ್ತು. ಸೂರಿನ ನೀರಿಗೆ ಅಂತ ಅಂಗಳದಲ್ಲಿ ಹಂಡೆ ಇಟ್ಟಿದ್ದೆ. ಅದರೊಳಗೆ ಕಂಡ, ಚಂದ್ರ. ನೀರಲ್ಲಿ ಕಂಡದ್ದೂ ಲೆಕ್ಕಕ್ಕೆ ಬರ್ತದಾ?'

ಬರಬಹುದು, ಆದರೆ ಕಥೆ ಈಗ ಕೇಳಿದಿರಲ್ಲ, ಪರಿಹಾರ ಆಯಿತು ಅಂದೆ. ಅದು ಸರಿ, ಆಗಲೇ ಯಾಕೆ ಕೈ ಎತ್ತಲಿಲ್ಲ ಅಂತ ಕೇಳಿದೆ.

'ಎತ್ತಿದ್ರೆ ಊರವರು ಏನಂದ್ಕೊಳ್ತಿದ್ರು?' ಅಂದರು.

ಅಷ್ಟರಲ್ಲಿ ಮಂಗಳಾರತಿಯ ಗಂಟೆ ಹೊಡೆಯಿತು.